ಫಿಲೋಮಿನಾ ಕೊಡದ ಕವಳ

ಹೊರಡುವ ಮುಂಚೆ

ನನ್ನ ಅಕ್ಕ ಯಲ್ಲಾಪುರದ ಹತ್ತಿರ, ಚಂದಗುಳಿಯ ಕಡೆ ಇರುತ್ತಾಳೆ. ತಮ್ಮ ಎಲ್ಲಾದರೂ ಒಂದು ಕಡೆ ನೆಲೆ ನಿಂತರೆ ಗಂಟೆ ಕಟ್ಟುತ್ತೇನೆ ಎಂದು ಅಲ್ಲಿಯ ಗಣಪತಿಗೆ ಹರಕೆ ಹೊತ್ತಿದ್ದಾಳೆ. ಆ ಗುಡಿಯಲ್ಲಿ ಹರಕೆ ತೀರಿದವರು ಕಟ್ಟಿದ ಗಂಟೆಗಳಿಗೆ ಲೆಕ್ಕವಿಲ್ಲ. ಅಕ್ಕನ ಗಂಟೆ ಮಾತ್ರ ಇನ್ನೂ ಪೇಟೆಯ ಪಾತ್ರೆ ಅಂಗಡಿಯಲ್ಲೇ ಇದೆ. ನನಗೆ ಅರವತ್ತು ಹತ್ತಿರ ಬಂತು. ಮನೆ ಸಿದ್ದಾಪುರ ಎಂದು ಪಾಸ್‌ಪೋರ್ಟಿನಲ್ಲಿ ಬರೆದಿದೆ, ಅಷ್ಟೇ. ಊರಲ್ಲಿ ನನ್ನನ್ನು ತಿರುಗಾಲ ತಿಪ್ಪ ಎನ್ನುತ್ತಾರೆ, ಅದೂ ಬೆನ್ನ ಹಿಂದೆ ಅಲ್ಲ, ಎದುರಿಗೇ.

ಈ ಸಲ ಪೂರ್ವ ತಿಮೋರ್‌ಗೆ ಹೋಗುತ್ತೇನೆ ಎಂದಾಗ ಅಕ್ಕ ಫೋನಿನಲ್ಲಿ ಕೇಳಿದಳು.

"ಅಲ್ಲಿ ಎಂತ ಇದ್ದು ತಮಾ?"

"ಅಲ್ಲಿಯವ್ವೂ ಕವಳ ತಿಂತ್ವಡ ಅಕ್ಕಾ."

"ಕವಳ ತಿಂಬಲೆ ಅಷ್ಟು ದೂರ ಹೋಗ್ತ್ಯ? ಇಲ್ಲಿ ಬಟ್ಲು ಖಾಲಿ ಆಯ್ದ?"

ಕವಳ ಎಂದರೆ ಎಲೆ, ಅಡಿಕೆ, ಸುಣ್ಣ. ಬೇಕಾದವರಿಗೆ ಮೇಲಿಷ್ಟು ತಂಬಾಕು. ನಮ್ಮ ಕಡೆ ಮನೆಗೆ ಬಂದವರಿಗೆ ಕುಡಿಯಲು ಕೊಟ್ಟು ಮುಗಿಯುವುದರೊಳಗೆ ಕವಳದ ಬಟ್ಟಲು ಮುಂದೆ ಬಂದಿರುತ್ತದೆ. ಅದರಿಂದ ತಾನು ಒಂದು ಕವಳ ಮಾಡಿಕೊಂಡು ಬಟ್ಟಲನ್ನು ಪಕ್ಕದವನ ಕಡೆ ನೂಕದವನನ್ನು ಮನುಷ್ಯ ಎಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ಒಂದು ಸಂಸ್ಕಾರ ಮಾತ್ರ ನನಗೆ ಅಂಟಿಕೊಂಡಿದೆ. ಎಲ್ಲಿ ಹೋದರೂ ಚೀಲದಲ್ಲಿ ಅಡಿಕೆ ಇರುತ್ತದೆ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಅಪ್ಪನ ಕಾಲದ ಅಡಕತ್ತರಿಯನ್ನು ಕಿತ್ತುಕೊಂಡರು. ಇದರಿಂದ ಅಡಿಕೆ ಬಿಟ್ಟು ಬೇರೇನೂ ಸಾಯುವುದಿಲ್ಲ ಎಂದೆ. ಆಯುಧ, ಬಿಡುವ ಹಾಗಿಲ್ಲ ಎಂದರು. ವಿಮಾನದಲ್ಲಿ ಇಡೀ ದಾರಿ ಬೈದುಕೊಂಡೇ ಹೋದೆ.

ದಿಲಿ

ಪೂರ್ವ ತಿಮೋರ್ ಎಂದರೆ ಇಂಡೋನೇಷ್ಯಾದ ಬಾಲಕ್ಕೆ ಅಂಟಿಕೊಂಡ ಅರ್ಧ ದ್ವೀಪ. ದಿಲಿ ಅದರ ರಾಜಧಾನಿ. ಶತಮಾನಗಟ್ಟಲೆ ಪೋರ್ಚುಗೀಸರು ಆಳಿದರು. ಅವರು ಕೈಬಿಟ್ಟ ಕೂಡಲೇ ಇಂಡೋನೇಷ್ಯಾ ನುಗ್ಗಿತು, ಕಾಲು ಶತಮಾನದ ಹತ್ತಿರ ಕೂತಿತು. ಕೊನೆಗೊಮ್ಮೆ ಜನ ಸ್ವಾತಂತ್ರ್ಯಕ್ಕೆ ಮತ ಹಾಕಿದರು. ಮತ ಹಾಕಿದ್ದಕ್ಕೆ ಸೇನೆಯ ಬೆಂಬಲದ ಸ್ಥಳೀಯ ಪಡೆಗಳು ಊರೂರನ್ನೇ ಸುಟ್ಟವು. ಪುಸ್ತಕಗಳಲ್ಲಿ ಈ 'ಸ್ಥಳೀಯ' ಎಂಬ ಪದವನ್ನು ಬೇಗ ಓದಿ ಮುಂದೆ ಹೋಗಿಬಿಡುತ್ತೇವೆ. ಅಲ್ಲಿ ಹೋಗಿ ನಿಂತರೆ ಗೊತ್ತಾಗುತ್ತದೆ, ಬೆಂಕಿ ಹಚ್ಚಿದವರಲ್ಲಿ ಪಕ್ಕದ ಮನೆಯವರೂ ಇದ್ದರು.

ನಾನು ಇಳಿದುಕೊಂಡ ಮನೆಯ ಯಜಮಾನನ ಹೆಸರು ನಮ್ಮ ಹೊನ್ನಾವರದ ಕಡೆ ಕ್ರಿಶ್ಚಿಯನ್ನರಲ್ಲಿ ಇರುವುದೇ: ಜುವಾಂವ್. ನಿವೃತ್ತ ಇಂಗ್ಲಿಷ್ ಮೇಷ್ಟ್ರು. ಅವನ ಭಾಷೆಯಲ್ಲಿ ಮೇಜಿಗೆ ಮೇಜಾ, ಚಾವಿಗೆ ಶಾವಿ, ಸಾಬೂನಿಗೆ ಸಬಾವ್ನ್ ಎನ್ನುತ್ತಾರೆ. ಎಲ್ಲ ಪೋರ್ಚುಗೀಸರ ಪದಗಳೇ. ಒಂದೇ ಕಳ್ಳ ಎರಡು ಮನೆಯಲ್ಲಿ ಬಿಟ್ಟುಹೋದ ಸಾಮಾನು ಎಂದೆ. ಜುವಾಂವ್ ಹೊಟ್ಟೆ ಹಿಡಿದುಕೊಂಡು ನಕ್ಕ. ಅಲ್ಲಿಂದ ನಮಗೆ ಸ್ನೇಹವಾಯಿತು.

ಮಾರನೆಯ ದಿನ ಅವನು ಊರಿನ ಸ್ಮಶಾನಕ್ಕೆ ಕರೆದುಕೊಂಡು ಹೋದ. ನಮ್ಮಲ್ಲಿ ನೆಂಟರನ್ನು ಫಾಲ್ಸಿಗೆ ಕರೆದೊಯ್ಯುತ್ತಾರೆ, ಅವರಲ್ಲಿ ಸ್ಮಶಾನಕ್ಕೆ. ಗೋರಿಗಳ ನಡುವೆ ಒಂದು ದೊಡ್ಡ ಶಿಲುಬೆ. ಬುಡದಲ್ಲಿ ಮೇಣ ಕರಗಿ ಕರಗಿ ಗಟ್ಟಿಯಾಗಿದೆ. ಹೂವಿನ ಜೊತೆಗೆ ಎಲೆ ಅಡಿಕೆಯೂ ಇಟ್ಟಿದ್ದಾರೆ.

"ಇದು ಯಾರ ಗೋರಿ?"

"ಯಾರದ್ದೂ ಅಲ್ಲ. ಎಲ್ಲಿ ಹೂತರು ಅಂತ ಗೊತ್ತಿಲ್ಲದವರಿಗೆ ಇಲ್ಲಿ ಇಡ್ತೇವೆ."

ಸತ್ತವರಿಗೂ ಅಡಿಕೆ ಕೊಡುತ್ತೀರಾ ಎಂದು ಕೇಳಿದೆ. ಹುಟ್ಟಿದರೆ, ಮದುವೆಯಾದರೆ, ಸತ್ತರೆ, ಜಗಳ ಮುಗಿದರೆ ಎಲ್ಲದಕ್ಕೂ ಅದೇ ಎಂದ. ನಮ್ಮಲ್ಲೂ ಹಾಗೆಯೇ ಎಂದೆ. ಆದರೆ ನಮ್ಮ ಪೇಪರಿನಲ್ಲಿ 'ಸುಪಾರಿ ಕೊಟ್ಟರು' ಎಂದು ಬಂದರೆ ಅರ್ಥ ಏನೆಂದು ಹೇಳಿದಾಗ ಅವನಿಗೆ ನಂಬಿಕೆ ಬರಲಿಲ್ಲ. ಅಡಿಕೆಯ ಹೆಸರಿನಲ್ಲಿ ಕೊಲೆ ಮಾಡಿಸುತ್ತೀರಾ ಎಂದು ಎರಡು ಸಲ ಕೇಳಿದ. ಹೌದು ಎಂದು ಒಪ್ಪಿಕೊಳ್ಳಬೇಕಾಯಿತು.

ಬೆಟ್ಟದ ದಾರಿ

ಜುವಾಂವನ ಹುಟ್ಟೂರು ಕಾಫಿ ಬೆಳೆಯುವ ಬೆಟ್ಟದಲ್ಲಿದೆ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಗೆ ಹೋಗುವ ಲಾರಿಯಲ್ಲಿ ನಾವು, ಅಕ್ಕಿ ಮೂಟೆಗಳು, ಕಾಲು ಕಟ್ಟಿದ ಒಂದು ಹಂದಿ. ಹಂದಿ ಪ್ರತಿ ತಿರುವಿನಲ್ಲೂ ನನ್ನ ತೊಡೆಗೆ ಒರಗುತ್ತಿತ್ತು. ನನ್ನ ಜನಿವಾರದ ಸುದ್ದಿ ಹಂದಿಗೆ ಗೊತ್ತಿರಲಿಲ್ಲ, ಗೊತ್ತಿದ್ದರೂ ಅದು ಸರಿಯುತ್ತಿರಲಿಲ್ಲ.

ನಾವು ಉಳಿಯಬೇಕಾದದ್ದು ಜುವಾಂವನ ದೊಡ್ಡಪ್ಪನ ಮಗಳು ಫಿಲೋಮಿನಾಳ ಮನೆಯಲ್ಲಿ. ದಾರಿಯಲ್ಲಿ ಅವನು ಅವಳ ಕತೆ ಹೇಳಿದ. ಮತದಾನ ಮುಗಿದ ಮೇಲೆ ಒಂದು ಬೆಳಿಗ್ಗೆ, ಗಂಜಿ ಕುಡಿಯುವ ಹೊತ್ತಿಗೆ, ಅವಳ ತಮ್ಮ ಅರ್ಮಾಂದೊನನ್ನು ಯಾರೋ ಬಂದು ಕರೆದರು. ಬಟ್ಟಲು ಹಾಗೇ ಇಟ್ಟು ಎದ್ದುಹೋದವನು ಮರಳಿ ಬರಲಿಲ್ಲ. ಆ ಕೆಲಸ ಮಾಡಿದವರು ಗಡಿ ದಾಟಿ ಓಡಿದರು, ಕೆಲವರು ವರ್ಷಗಳ ಮೇಲೆ ಮರಳಿ ಬಂದರು.

ಅಲ್ಲಿ ಸಾವಾದ ಮನೆಯವರು ಕಪ್ಪು ಬಟ್ಟೆ ಉಡುತ್ತಾರೆ. ವರ್ಷ ತುಂಬಿದ ಮೇಲೆ ಊಟ ಹಾಕಿಸಿ ಕಪ್ಪು ಬಿಚ್ಚುವ ಶಾಸ್ತ್ರ. ಫಿಲೋಮಿನಾ ಇಪ್ಪತ್ತೈದು ವರ್ಷವಾದರೂ ಬಿಚ್ಚಿಲ್ಲ. ತಮ್ಮನನ್ನು ಹೂತ ಜಾಗ ತೋರಿಸಲಿ, ಎಲುಬು ತಂದು ಮಣ್ಣು ಮಾಡಿದ ಮೇಲೆಯೇ ಬಿಚ್ಚುತ್ತೇನೆ ಎಂದು ಕೂತಿದ್ದಾಳೆ.

ದೇಹ ಸಿಗದಿದ್ದರೆ ನಮ್ಮಲ್ಲಿ ದರ್ಭೆಯ ಗೊಂಬೆ ಮಾಡಿ ಸುಡುತ್ತಾರೆ ಎಂದೆ.

"ನಮ್ಮಲ್ಲೂ ಒಂದು ಕಲ್ಲು ತಂದು ಹುಗಿಯೋ ಕ್ರಮ ಉಂಟು. ಅಕ್ಕ ಒಪ್ಪೋದಿಲ್ಲ. ಊರಿಗೇ ಅವಳ ಮೇಲೆ ಬೇಜಾರು."

ಊರಿಗೆ ಯಾಕೆ ಬೇಜಾರು ಎಂದು ನಾನು ಕೇಳಲಿಲ್ಲ. ಹಂದಿ ಮತ್ತೆ ಒರಗಿತು.

ಜಗಲಿ

ಫಿಲೋಮಿನಾ ಗಟ್ಟಿ ಹೆಂಗಸು. ಕಪ್ಪು ಲಂಗ, ಕಪ್ಪು ರವಿಕೆ, ಕೆಂಪು ಬಾಯಿ. ದನಿ ಕೇಳಿದ ಕೂಡಲೇ ನನಗೆ ದಾಸನಕೊಪ್ಪದ ಕಡೆಯಿಂದ ಶಿರಸಿ ಸಂತೆಗೆ ಬರುವ ಹೆಂಗಸರು ನೆನಪಾದರು. ಜುವಾಂವ್ ಇಂಗ್ಲಿಷಿನಲ್ಲಿ ಹೇಳಿದ ಅವಳ ಮಾತು ನನ್ನ ತಲೆಯೊಳಗೆ ಆ ಧಾಟಿಯಲ್ಲೇ ಕೂತಿದೆ, ಹಾಗೆಯೇ ಬರೆಯುತ್ತೇನೆ.

"ಬಾ ತಮ್ಮಾ, ಕೂಡು. ನಿಮ್ಮೂರಾಗೂ ಇದನ್ನ ತಿಂತಾರಂತಲ್ಲ?" ಎಂದು ಹೆಣೆದ ಬುಟ್ಟಿಯೊಂದನ್ನು ನನ್ನ ಮುಂದಿಟ್ಟಳು.

ಹಸಿ ಅಡಿಕೆ, ಎಲೆ, ಬಿದಿರಿನ ನಳಿಗೆಯಲ್ಲಿ ಸುಣ್ಣ. ನಾನು ಚೀಲದಿಂದ ನಮ್ಮ ಕೆಂಪಡಿಕೆ ತೆಗೆದು ಅವಳಿಗೆ ಕೊಟ್ಟೆ. ಅವಳು ಕಡಿದು ನೋಡಿ ಮುಖ ಸಿಂಡರಿಸಿದಳು.

"ಬೇಯಿಸಿ ಕೊಂದಾರ ಇದನ್ನ."

ಇಬ್ಬರೂ ನಕ್ಕೆವು. ನಾನು ಅವಳ ಬುಟ್ಟಿಯಿಂದ ಎಲೆ ತೆಗೆದು ತೊಟ್ಟು ಮುರಿದು, ನಾರು ಎಳೆದು, ಬೆನ್ನಿಗೆ ಸುಣ್ಣ ಸವರಿ ಮಡಿಚುವುದನ್ನು ಅವಳು ಕಣ್ಣು ಬಿಟ್ಟು ನೋಡಿದಳು. ಅವರು ಅಷ್ಟೆಲ್ಲ ಮಾಡುವುದಿಲ್ಲ, ಬಾಯಿಗೆ ಹಾಕಿ ಅಗಿಯುತ್ತಾರೆ.

ಪರದೇಶದವನು ಬಂದಿದ್ದಾನೆಂದು ಊರವರು ಸೇರತೊಡಗಿದರು. ಊರಿನ ಮುಖ್ಯಸ್ಥನೂ ಬಂದ, ಬಿಳಿ ಅಂಗಿಯ, ನಗುಮುಖದ ಮನುಷ್ಯ. ಬುಟ್ಟಿ ಕೈಯಿಂದ ಕೈಗೆ ಹೋಯಿತು. ಕೊನೆಯಲ್ಲಿ ಒಬ್ಬ ಮುದುಕ ಬಂದು ಜಗಲಿ ಹತ್ತದೆ ಅಂಗಳದ ಕಲ್ಲಿನ ಮೇಲೆ ಕೂತ. ಹರಿದ ಚಪ್ಪಲಿ, ಮಂಡಿಯ ಮೇಲೆ ಕೈ. ಬುಟ್ಟಿ ಅವನ ಹತ್ತಿರ ಹೋಗಲಿಲ್ಲ. ಅವನ ಪಕ್ಕದವರೆಗೆ ಹೋಗಿ ತಿರುಗಿ ಬಂತು. ಅವನು ಕೇಳಲೂ ಇಲ್ಲ.

ನನಗೆ ಪಿತ್ತ ನೆತ್ತಿಗೇರಿತು. ನಾನು ಸಣ್ಣವನಿದ್ದಾಗ ನಮ್ಮ ಮನೆಯ ಅಂಗಳದಲ್ಲಿ ಕೆಲಸದವರು ಹೀಗೆಯೇ ಕೂರುತ್ತಿದ್ದರು. ಜಗಲಿಯಿಂದ ಅಜ್ಜ ಎಲೆ ಅಡಿಕೆಯನ್ನು ಅವರ ಕಡೆ ಎಸೆಯುತ್ತಿದ್ದ, ಕೈಗೆ ಕೊಡುತ್ತಿರಲಿಲ್ಲ. ಆ ಎಸೆದ ಅಡಿಕೆ ಮಣ್ಣಿನಲ್ಲಿ ಉರುಳುವುದನ್ನು ನೋಡಿ ಬೆಳೆದವನು ನಾನು. ಸಮುದ್ರ ದಾಟಿ ಬಂದರೂ ಇದೇ ಹೊಲಸೇ ಎಂದುಕೊಂಡೆ. ಬುಟ್ಟಿ ಎಳೆದುಕೊಂಡು ಒಂದು ಒಳ್ಳೆಯ ಎಲೆ ಆರಿಸಿ, ಅಚ್ಚುಕಟ್ಟಾಗಿ ಕವಳ ಮಾಡಿ, ಜಗಲಿ ಇಳಿದು ಹೋಗಿ ಆ ಮುದುಕನ ಅಂಗೈಯಲ್ಲಿ ಇಟ್ಟೆ. ಎದೆ ಉಬ್ಬಿಸಿಕೊಂಡೇ ಇಟ್ಟೆ.

ಅವನು ಎರಡೂ ಕೈ ಒಡ್ಡಿದ್ದ. ನನ್ನನ್ನು ನೋಡಲಿಲ್ಲ, ನನ್ನ ಹಿಂದೆ ಇದ್ದ ಫಿಲೋಮಿನಾಳನ್ನು ನೋಡಿದ. ಜುವಾಂವ್ "ಬೇಡ" ಎಂದು ಕೂಗಿದ್ದು ನನಗೆ ಕೇಳಿಸುವುದರೊಳಗೆ ಅವನು ಅದನ್ನು ಬಾಯಿಗೆ ಹಾಕಿಕೊಂಡಿದ್ದ.

ಚಾಪೆ

ಅವನ ಹೆಸರು ಅಗುಸ್ತಿನೊ. ಗಂಜಿ ಕುಡಿಯುವ ಹೊತ್ತಿಗೆ ಅರ್ಮಾಂದೊನನ್ನು ಕರೆಯಲು ಬಂದವನು ಅವನೇ. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು.

ಇದನ್ನು ಜುವಾಂವ್ ನನಗೆ ಅವಸರದಲ್ಲಿ ಹೇಳಿದ್ದು ಕವಳ ಅವನ ಬಾಯಿಗೆ ಹೋದ ಮೇಲೆ. ಅವರ ಕ್ರಮ ಹೀಗೆ: ಕೊಂದವನು ಮತ್ತು ಕಳೆದುಕೊಂಡವರು ಊರಿನ ಎದುರಿಗೆ ಚಾಪೆ ಹಾಸಿ ಕೂರಬೇಕು, ನಡೆದದ್ದನ್ನು ಹೇಳಬೇಕು. ಮೊದಲು ಕಳೆದುಕೊಂಡ ಮನೆಯ ಬುಟ್ಟಿಯಿಂದ ಎಲೆ ಅಡಿಕೆ ಬರಬೇಕು. ಅದು ಬಂದಿತೆಂದರೆ ಅವರು ಒಪ್ಪಿದಂತೆ. ಆಮೇಲೆ ಹಗೆ ಸಾಧಿಸುವ ಹಾಗಿಲ್ಲ, ಕಪ್ಪು ಉಡುವ ಹಾಗಿಲ್ಲ. ಅಗುಸ್ತಿನೊ ಊರಿಗೆ ಮರಳಿದಂದಿನಿಂದ ಯಾರ ಮನೆಗೆ ಹೋದರೂ ಕಲ್ಲಿನ ಮೇಲೆ ಕೂತು ಹೋಗುತ್ತಿದ್ದ. ಫಿಲೋಮಿನಾ ಬುಟ್ಟಿಯನ್ನು ಅವನ ಕಡೆ ಬಿಡುತ್ತಿರಲಿಲ್ಲ. ಅವಳ ಕೈಯಲ್ಲಿ ಉಳಿದಿದ್ದ ಒಂದೇ ಹಿಡಿತ ಅದು: ಜಾಗ ಹೇಳು, ಅಡಿಕೆ ಕೊಡುತ್ತೇನೆ. ಅದನ್ನು ನಾನು ಅವಳ ಮನೆಯಲ್ಲೇ ಕೂತು ಪುಕ್ಕಟೆ ಹಂಚಿದ್ದೆ.

ಮುಖ್ಯಸ್ಥ ಆಗಲೇ ಎದ್ದು ಚಾಪೆ ತರಿಸಿದ. ಅವಳ ಜಗಲಿ, ಅವಳ ಬುಟ್ಟಿ, ಅವಳ ಅತಿಥಿ. ದೇವರೇ ದೂರದಿಂದ ಕಳಿಸಿದ್ದಾನೆ ಎಂದ. ನಾನು ಕೈ ಮುಗಿದೆ. ನನಗೆ ಗೊತ್ತಿರಲಿಲ್ಲ, ಅವಳು ಕೊಟ್ಟಿದ್ದಲ್ಲ ಎಂದೆ. ಆ ಅಡಿಕೆ ನನ್ನ ಚೀಲದ್ದು ಎಂದು ಸುಳ್ಳೂ ಹೇಳಿದೆ.

"ಎಲೆ ಯಾರದ್ದು? ಸುಣ್ಣ ಯಾರದ್ದು?" ಎಂದು ಮುಖ್ಯಸ್ಥ ನಗುತ್ತಲೇ ಕೇಳಿದ.

ಆ ನಗುವನ್ನು ನಾನು ಎಲ್ಲೋ ನೋಡಿದ್ದೆ. ನಮ್ಮ ಪೇಟೆಯಲ್ಲೂ ಒಂದು ಸಲ ಗಲಾಟೆಯಾಗಿ ಅಂಗಡಿಗಳು ಸುಟ್ಟವು. ಗಾದಿ ಹೊಲಿಯುವ ಇಸ್ಮಾಯಿಲನ ಅಂಗಡಿಯ ಮಷೀನನ್ನು ರಸ್ತೆಗೆ ಎಳೆದು ಹತ್ತಿಯ ಸಮೇತ ಸುಟ್ಟರು. ಹಗಲು ಹೊತ್ತು, ಸಂತೆಯ ದಿನ, ನೋಡಿದವರಿಗೆ ಬರವಿರಲಿಲ್ಲ. ಆಮೇಲೆ ಶಾಂತಿ ಸಭೆ ನಡೆಯಿತು. ಪ್ಲಾಸ್ಟಿಕ್ ಕುರ್ಚಿ, ಮೈಕು, ಬಿಸ್ಕೀಟು. ಮಾಡಿದ್ದು ಹೊರಗಿನವರು ಎಂದು ಎಲ್ಲರೂ ಭಾಷಣ ಮಾಡಿದರು. ಇಸ್ಮಾಯಿಲನ ತಾಯಿ ಎದ್ದು ನಿಂತು, "ಮಷಿನ್ ರಸ್ತೆಗೆ ಎಳ್ದೋರು ಯಾರು ಅಂತ ನೀವೆಲ್ಲಾ ನೋಡಿದ್ರಲ್ಲಾ, ಒಬ್ರಾದ್ರೂ ಹೇಳ್ರಿ" ಎಂದಳು. ಮುಂದಿನ ಸಾಲಿನಿಂದ ಒಬ್ಬರು, "ಮೊದ್ಲು ಚಾ ಕುಡೀರಿ ಅಮ್ಮಾ" ಎಂದರು. ಇದೇ ನಗು ಅವರ ಮುಖದಲ್ಲೂ ಇತ್ತು. ಆ ಮಷೀನು ಎಳೆದವರಲ್ಲಿ ಒಬ್ಬನಿಗೆ ಈಗಲೂ ನಾವೆಲ್ಲ ನಮಸ್ಕಾರ ಹೇಳುತ್ತೇವೆ. ಇಸ್ಮಾಯಿಲ್ ಹಾವೇರಿಯ ಕಡೆ ಹೋದನೆಂದು ಕೇಳಿದೆ. ನಮ್ಮ ಪ್ಲಾಸ್ಟಿಕ್ ಕುರ್ಚಿಗಿಂತ ಇವರ ಚಾಪೆ ವಾಸಿ, ಇಲ್ಲಿ ಬಾಯಿಬಿಟ್ಟು ಹೇಳಲೇಬೇಕಲ್ಲ ಎಂದು ಆ ಗಳಿಗೆಯಲ್ಲೂ ನನಗೊಂದು ಆಸೆಯಿತ್ತು.

ಫಿಲೋಮಿನಾಳಿಗೂ ಆ ಆಸೆ ಇತ್ತೆಂದು ಕಾಣುತ್ತದೆ. ಇಷ್ಟು ಹೊತ್ತು ಕಂಬಕ್ಕೆ ಒರಗಿ ನಿಂತವಳು ಬಂದು ಚಾಪೆಯ ಮೇಲೆ ಕೂತಳು.

"ತಿಂದಾನಲ್ಲ? ಹಂಗಾದ್ರ ಹೇಳ್ಲಿ. ನನ್ ತಮ್ಮ ಎಲ್ಲದಾನ?"

ಅಗುಸ್ತಿನೊನ ಬಾಯಿ ತುಂಬ ನಾನು ಕೊಟ್ಟ ಕವಳ. ಅವನು ಅದನ್ನು ಒಂದು ದವಡೆಗೆ ಸರಿಸಿ ಒಂದೇ ಮಾತು ಹೇಳಿದ.

"ಸಮುದ್ರದಲ್ಲಿ."

ಜನ ಉಸಿರು ಬಿಟ್ಟರು. ಒಬ್ಬ ಹೆಂಗಸು ಶಿಲುಬೆಯ ಗುರುತು ಹಾಕಿಕೊಂಡಳು.

"ಎಲ್ಲಾರೂ ಸಮುದ್ರಾ ಅಂತಾರ," ಎಂದಳು ಫಿಲೋಮಿನಾ. "ಸಮುದ್ರಾ ಅಗದು ನೋಡಾಕ ಬರಂಗಿಲ್ಲಲ್ಲ, ಅದಕ್ಕ. ಸಮುದ್ರಾ ಇಲ್ಲಿಂದ ಕಾಣಾಂಗೂ ಇಲ್ಲ. ಅವತ್ತು ಹೊತ್ತು ಮುಳಗೂದ್ರೊಳಗ ಇಂವ ತಿರುಗಿ ಬಂದಾನ. ನಮ್ಮ ಅಂಗಳದಾಗಿನ ಹರವಿ ನೀರ್ಲೆ ಕಾಲ್ ತೊಳಕೊಂಡಾನ. ಉಸುಕಿರ್ಲಿಲ್ಲ ಕಾಲಾಗ. ಕೆಂಪ್ ಮಣ್ಣಿತ್ತು. ಹರವಿ ಬುಡಕ ಹರದಿದ್ದ ನೀರು ಕೆಂಪಗಿತ್ತು, ನಾ ನೋಡೀನಿ."

ಅಗುಸ್ತಿನೊ ತಲೆ ಎತ್ತಲಿಲ್ಲ. ಅಗಿಯುವುದನ್ನೂ ನಿಲ್ಲಿಸಿದ್ದ. ಇನ್ನು ಒಂದು ಗಳಿಗೆ ಬಿಟ್ಟಿದ್ದರೆ ಏನಾದರೂ ಹೇಳುತ್ತಿದ್ದನೋ ಏನೋ. ಅಷ್ಟರಲ್ಲಿ ಮುಖ್ಯಸ್ಥ ಇಬ್ಬರ ಭುಜದ ಮೇಲೂ ಕೈಯಿಟ್ಟು, ಅವನು ತಿಂದ, ಅವನು ಹೇಳಿದ, ಮುಗಿಯಿತು ಎಂದ. ಯಾರೋ ನನ್ನ ಹೆಗಲಿಗೆ ಅವರ ಕೈಮಗ್ಗದ ಬಣ್ಣದ ವಸ್ತ್ರ ಹೊದಿಸಿದರು. ಇನ್ಯಾರೋ ಮೊಬೈಲಿನಲ್ಲಿ ಫೋಟೋ ತೆಗೆದರು. ಹಂದಿ ಕಡಿಯುವ ಮಾತೂ ಬಂತು. ಫಿಲೋಮಿನಾ ಬುಟ್ಟಿ ತೆಗೆದುಕೊಂಡು ಒಳಗೆ ಹೋದಳು.

ನನಗೆ ನನ್ನ ಮೇಲೇ ಅಸಹ್ಯ ಬಂತು. ಇಪ್ಪತ್ತೈದು ವರ್ಷ ಒಬ್ಬ ಹೆಂಗಸು ಊರನ್ನೇ ಎದುರು ಹಾಕಿಕೊಂಡು ಕಾದಿದ್ದನ್ನು, ಅಜ್ಜನ ಪಾಪ ತೊಳೆಯುವ ಉಮೇದಿನಲ್ಲಿ ಹಾಳು ಮಾಡಿದ್ದೆ.

ಇಳಿಯುವ ದಿನ

ಬೆಳಿಗ್ಗೆ ಹೊರಡುವಾಗ ಅವಳು ಅಂಗಳದಲ್ಲಿ ಕಾಫಿ ಬೀಜ ಹರವುತ್ತಿದ್ದಳು. ಅದೇ ಕಪ್ಪು ಬಟ್ಟೆ. ನೀರಿಗೆ ಹೊರಟ ಇಬ್ಬರು ಹೆಂಗಸರು ಅವಳನ್ನು ಮಾತಾಡಿಸದೆ ದಾಟಿಹೋದರು. ನಿನ್ನೆಯವರೆಗೆ ಅವಳದ್ದು ದುಃಖವಾಗಿತ್ತು, ಇಂದಿನಿಂದ ಹಟವಾಗಿದೆ ಎಂದು ಜುವಾಂವ್ ಹೇಳಿದ. ಅಡಿಕೆ ಕೊಟ್ಟ ಮೇಲೂ ಕಪ್ಪು ಉಟ್ಟರೆ ಊರಿಗೆ ಅವಮಾನವಂತೆ.

ನಾನು ಹತ್ತಿರ ಹೋಗಿ ಕ್ಷಮಿಸು ಎಂದೆ. ಜುವಾಂವ್ ಅದನ್ನು ಹೇಳಿದ. ಅವಳು ಕೈ ಒರೆಸಿಕೊಂಡು ಬುಟ್ಟಿ ತಂದು, ನಾನು ಮಾಡಿದ ಹಾಗೆಯೇ ಎಲೆಯ ತೊಟ್ಟು ಮುರಿದು, ನಾರು ಎಳೆದು, ಸುಣ್ಣ ಸವರಿ ಮಡಿಚಿ ಕೊಟ್ಟಳು. ತೆಗೆದುಕೊಳ್ಳಲು ನನ್ನ ಕೈ ಏಳಲಿಲ್ಲ.

"ತಿನ್ನು. ಇದನ್ನ ನಾ ಕೊಡಾಕತ್ತೀನಿ."

ತಿಂದೆ. ಅವಳು ನಾನು ಅಗಿಯುವುದನ್ನೇ ನೋಡುತ್ತ ನಿಂತಳು.

"ನಿನ್ನಿದ್ದು ನಾ ಕೊಟ್ಟಿಲ್ಲ ಅಂತ ಇಲ್ಲಿ ಯಾರೂ ಹೇಳಂಗಿಲ್ಲ. ಜುವಾಂವನೂ ಹೇಳಂಗಿಲ್ಲ, ಅವಂಗ ಊರು ಬೇಕು. ನೀ ಹೇಳು. ನಿಮ್ಮೂರಾಗರ ಹೇಳು."

ಜುವಾಂವ್ ಇದನ್ನು ತರ್ಜುಮೆ ಮಾಡಿದ, ತನ್ನ ಹೆಸರನ್ನೂ ಬಿಡದೆ. ಆಮೇಲೆ ನನ್ನ ಚೀಲ ಎತ್ತಿಕೊಂಡು ಲಾರಿಯ ಕಡೆ ನಡೆದ.

ದಿಲಿಗೆ ಬಂದು ಮೂರು ದಿನಕ್ಕೆ ಅವನು ಮೊಬೈಲು ತೋರಿಸಿದ. ಮುಖ್ಯಸ್ಥ ಫೇಸ್‌ಬುಕ್ಕಿನಲ್ಲಿ ಫೋಟೋ ಹಾಕಿದ್ದ. ಚಾಪೆಯ ಒಂದು ಕಡೆ ಅಗುಸ್ತಿನೊ, ಇನ್ನೊಂದು ಕಡೆ ಫಿಲೋಮಿನಾ, ಹಿಂದೆ ಬಣ್ಣದ ವಸ್ತ್ರ ಹೊದ್ದು ಬೆಪ್ಪನ ಹಾಗೆ ನಿಂತ ನಾನು. ಭಾರತದ ಅತಿಥಿಯ ಸಮ್ಮುಖದಲ್ಲಿ ಫಿಲೋಮಿನಾ ತಾನಾಗಿ ಎಲೆ ಅಡಿಕೆ ಕೊಟ್ಟು ಕ್ಷಮಿಸಿದಳು ಎಂದು ಕೆಳಗೆ ಬರೆದಿತ್ತು. ಭಾನುವಾರ ಇಗರ್ಜಿಯಲ್ಲೂ ಪಾದ್ರಿಗಳು ಇದನ್ನೇ ಹೇಳಿದರಂತೆ. ಕೆಳಗೆ ಒಂದು ಮಾತು ಬರೆ ಎಂದು ಜುವಾಂವನಿಗೆ ಅಂಗಲಾಚಿದೆ. ಅವನು ಮೊಬೈಲನ್ನು ಕಿಸೆಗೆ ಹಾಕಿಕೊಂಡ.

"ನನ್ನ ಅಮ್ಮನ ಗೋರಿ ಆ ಊರಲ್ಲಿದೆ ಅಣ್ಣಾ. ನಾನು ಅಲ್ಲಿಗೆ ಹೋಗಿಬಂದು ಮಾಡಬೇಕು."

ಸಂಜೆ ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಒಳ್ಳೇದೇ ಆತು ಬಿಡು ತಮಾ. ಎಷ್ಟು ವರ್ಷ ಹೇಳಿ ಹಿಡ್ಕಂಡು ಕೂತ್ಕಂಬದು? ಅವ್ಳಿಗೂ ವಯಸ್ಸಾತು."

"ಅಕ್ಕಾ, ಅವ್ಳು ಕೊಟ್ಟಿದ್ದಿಲ್ಲೆ. ಆನು ಕೊಟ್ಟಿದ್ದು."

"ಯಾರು ಕೊಟ್ರೆ ಎಂತು? ಊರು ಸುಮ್ಮಂಗಾತಲೀ."

"ನಿನ್ನ ತಮ್ಮನ್ನ ಯಾರಾದ್ರೂ ಕರ್ಕಂಡು ಹೋಗಿ, ಎಲ್ಲಿ ಹುಗಿದ್ವು ಹೇಳಿ ಹೇಳದೇ ಇದ್ರೆ ನೀನು ಸುಮ್ಮಂಗಿರ್ತಿದ್ಯ?"

"ಹಾಂಗೆಲ್ಲ ಹೇಳಡ ತಮಾ," ಎಂದಳು. ಫೋನ್ ಇಟ್ಟಳು.

ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರು, ಕವಳ ತಿನ್ನುವವರು, ತಿನ್ನದವರು ಎಲ್ಲರೂ ಕೇಳಿ. ಫಿಲೋಮಿನಾ ಕೊಡಲಿಲ್ಲ. ಅವಳ ಬುಟ್ಟಿಗೆ ಕೈಹಾಕಿ ಕೊಟ್ಟವನು ಸಿದ್ದಾಪುರದ ಒಬ್ಬ ಅಧಿಕಪ್ರಸಂಗಿ. ತಮ್ಮ ಎಲ್ಲಿದ್ದಾನೆಂದು ಅವಳು ಇನ್ನೂ ಕೇಳುತ್ತಿದ್ದಾಳೆ. ಅವಳು ಹೇಳೆಂದದ್ದನ್ನು ಹೇಳಿದ್ದೇನೆ. ಆ ಬೆಟ್ಟದ ಊರಿನಲ್ಲಿ ಕನ್ನಡ ಓದುವವರು ಒಬ್ಬರೂ ಇಲ್ಲ.